ಮಲಪ್ರಭೆಯ ಮೀನಿಗೆ ರಾತ್ರಿ ಪಾಳಿ ಯಾರದು?

ಮೀನುಗಾರಿಕೆ ಇಲಾಖೆಗೆ ಆಫೀಸ್ ಟೈಮ್ ಇದೆ. ಕದ್ದು ಬಲೆ ಬಿಡೋರಿಗೆ ಇಲ್ಲ. ಒಳನಾಡು ಮೀನಿನ ರಕ್ಷಣೆ ಬಗ್ಗೆ ಮಾತಾಡೋವಾಗ ನಾವು ಮರೆಯೋದು ಇದನ್ನೇ.

ಮನೋಳಿಯನ್ನೇ ತಗೊಳ್ಳಿ. ಈಗ ಬೋರ್ಡಿನಲ್ಲಿ ಮುನವಳ್ಳಿ ಅಂತಿರುವ, ಸವದತ್ತಿ ತಾಲ್ಲೂಕಿನ ಹೊಳೆದಂಡೆಯ ಊರು. ಹತ್ತಿರದಲ್ಲೇ ನವಿಲುತೀರ್ಥ ಅಣೆಕಟ್ಟು, ಅದರ ಹಿಂದೆ 37.73 ಟಿಎಂಸಿ ಸಾಮರ್ಥ್ಯದ ರೇಣುಕಾ ಸಾಗರ. ಮುಂಗಾರಿನ ಹೊಸ ನೀರು ಬಂದಾಗ ತತ್ತಿ ತುಂಬಿದ ಮೀನು ಹರಿವಿಗೆ ಎದುರಾಗಿ ಹತ್ತುತ್ತವೆ. ಹಿಡಿಯೋಕೆ ಅತಿ ಸುಲಭವಾದ ಕಾಲ ಅದು, ಹಿಡಿಯಲೇಬಾರದ ಕಾಲವೂ ಅದೇ.

ಕಾನೂನಿಗೇನೂ ಬರ ಇಲ್ಲ. ಸಿಡಿಮದ್ದು ಸಿಡಿಸಿ, ವಿಷ ಹಾಕಿ ಮೀನು ಹಿಡಿಯೋದನ್ನ 1897ರ ಕಾಯ್ದೆಯೇ ಅಪರಾಧ ಅಂದಿತ್ತು. ರಾಜ್ಯಕ್ಕೆ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಆದರೆ ಕಾಯ್ದೆ ತಾನೇ ತೆಪ್ಪ ಹತ್ತಿ ಹೋಗಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಅದು ಬಹುಮಟ್ಟಿಗೆ ಜಾರಿಯಾಗೋದು ಹೇಗೆ? ದೋಣಿ ಬಂದರಿನಲ್ಲಿ ಕಟ್ಟಿರುತ್ತೆ, ಎಲ್ಲರ ಕಣ್ಣಿಗೂ ಬೀಳುತ್ತೆ. ಹೊಳೆಗೆ ಬಂದರಿಲ್ಲ. ಯಾವ ಹೊಲದಿಂದಲಾದರೂ ಇಳಿಯಬಹುದು. ಇಲ್ಲಿ ಗಸ್ತು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಲೆಕ್ಕ ಹಾಕ್ತೀನಿ. ಒಂದು ತೆಪ್ಪಕ್ಕೆ ರಾತ್ರಿ ಇಬ್ಬರು ಬೇಕು, ಒಬ್ಬರನ್ನೇ ಕತ್ತಲಲ್ಲಿ ನೀರಿಗಿಳಿಸೋದು ಅನ್ಯಾಯ. ವಾರಕ್ಕೆ 14 ಪಾಳಿ. ವಾರದ ರಜೆ ಕೊಟ್ಟು ಒಬ್ಬರಿಗೆ ಆರು ಪಾಳಿ ಅಂದರೆ ಮೂವರು ಸಾಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೂವರಿಗೆ ಮೂರು ತಿಂಗಳ ಸಂಬಳ. ಅಷ್ಟೇ. ತಾಲ್ಲೂಕು ಕಚೇರಿಯ ಸಿಬ್ಬಂದಿಗೆ ಮರಿ ಬಿತ್ತನೆ, ಕೆರೆ ಗುತ್ತಿಗೆ, ಸಬ್ಸಿಡಿ ಅರ್ಜಿಗಳ ಜೊತೆಗೆ ಇದನ್ನೂ ಹೇರಿದರೆ ಗಸ್ತು ಫೈಲಿನಲ್ಲೇ ನಡೆಯುತ್ತೆ.

ಆ ಮೂವರು ಯಾರು? ಹೊಳೆ ಬಲ್ಲವರು, ಅಂದರೆ ಸ್ಥಳೀಯ ಮೀನುಗಾರರ ಸಹಕಾರ ಸಂಘದವರು. ಕಾವೇರಿಯ ಮಶೀರ್ ಶಿಬಿರಗಳಲ್ಲಿ ಹಿಂದೆ ಕದ್ದು ಹಿಡಿಯುತ್ತಿದ್ದವರೇ ಕಾವಲಿಗೆ ನಿಂತ ಉದಾಹರಣೆ ಇದೆ. 2020ರ ಮತ್ಸ್ಯ ಸಂಪದ ಯೋಜನೆ ಕರಾವಳಿ ಹಳ್ಳಿಗಳಿಗೆ 'ಸಾಗರ ಮಿತ್ರ'ರನ್ನು ಕೊಟ್ಟಿತು. ಹೊಳೆದಂಡೆಗೊಬ್ಬ ಮಿತ್ರ ಬೇಡವಾ?

ಒಂದು ಅಪಾಯ ಇದೆ. ಅಧಿಕಾರ ಕೈಗೆ ಬಂದ ಕಾವಲುಗಾರ, ರಾತ್ರಿ ಊಟಕ್ಕೆ ಗಾಳ ಹಾಕಿದ ಬಡವನನ್ನ ಹಿಡಿದು, ಲಾರಿಗಟ್ಟಲೆ ಮೀನು ಕೊಳ್ಳೋ ವ್ಯಾಪಾರಿಯನ್ನ ಬಿಡಬಹುದು. ಅದಕ್ಕೇ ಸಂಬಳ ಸರ್ಕಾರದಿಂದಲೇ ಬರಬೇಕು, ಗುತ್ತಿಗೆದಾರನಿಂದ ಅಲ್ಲ. ಎಷ್ಟು ರಾತ್ರಿ ಗಸ್ತು, ಎಷ್ಟು ಬಲೆ ಜಪ್ತಿ, ಯಾರಿಗೆ ದಂಡ ಅನ್ನೋದು ಪ್ರತಿ ತಿಂಗಳು ಪುರಸಭೆಯ ಬೋರ್ಡಿನ ಮೇಲೆ ಬರಬೇಕು. ಮೀನುಗಾರ ಕೆಲಸ ಬಿಟ್ಟು ಕೂರೋ ದಿನಗಳಿಗೆ ಪರಿಹಾರವೂ ಬೇಕು. ಹಸಿದವನಿಗೆ ನಿಷೇಧ ಹೇಳೋದು ಸುಲಭ, ಪಾಲಿಸೋದು ಅವನಿಗೆ ಕಷ್ಟ.

ಪ್ರತಿ ವರ್ಷ ನೀರಿಗೆ ಎಷ್ಟು ಮರಿ ಬಿಟ್ಟೆವು ಅಂತ ಇಲಾಖೆ ಲೆಕ್ಕ ಕೊಡುತ್ತೆ. ಮುಂದಿನ ಸಲ ನಿಮ್ಮ ಶಾಸಕರು ಮರಿ ಬಿಡೋ ಫೋಟೋ ಹಾಕಿದಾಗ ಕೆಳಗೆ ಒಂದೇ ಪ್ರಶ್ನೆ ಕೇಳಿ: ಸಾಹೇಬ್ರ, ಇವನ್ನ ರಾತ್ರಿ ಕಾಯೋರು ಯಾರು?