ನೀರಿಗೆ ದಾರಿಯಾಯ್ತು, ಜನಕ್ಕೆ?

ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ದುರಸ್ತಿ ಬೇಕು ಅನ್ನೋದನ್ನು ಬೆಂಗಳೂರಿನಲ್ಲಿ ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಪ್ರಶ್ನೆ. ಕುರ್ಚಿಯಿಂದಲೋ, ಛಾವಣಿಯಿಂದಲೋ, ದೊಡ್ಡ ಮನುಷ್ಯರು ತಣ್ಣಗೆ ಕೂತು ನೋಡುವ ಗಾಜಿನ ಕೋಣೆಗಳಿಂದಲೋ? ಬಸ್ಸಿಳಿದು ನಡೆದು ಬರುವವನನ್ನು ಕೇಳಿ ನೋಡಿ. ಅವನು ಕೈ ತೋರಿಸೋದು ಗೇಟಿನ ಕಡೆಗೆ.

ಈ ಕಟ್ಟಡದ ಶಂಕುಸ್ಥಾಪನೆ ಆದದ್ದು 1969ರಲ್ಲಿ. ಅದಕ್ಕೆ ಮುಂಚೆ ಊರಿನ ದೊಡ್ಡ ಪಂದ್ಯಗಳೆಲ್ಲ ಸೆಂಟ್ರಲ್ ಕಾಲೇಜು ಮೈದಾನದಲ್ಲಿ. 1974ರ ನವೆಂಬರಿನಲ್ಲಿ ಕ್ಲೈವ್ ಲಾಯ್ಡ್ ತಂಡ ಬಂದು ಇಲ್ಲಿ ಮೊದಲ ಟೆಸ್ಟ್ ಆಡಿತು. ವಿವಿಯನ್ ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟದ್ದು ಇದೇ ಮೈದಾನದಲ್ಲಿ. 1971ರ ಜನಗಣತಿಯಲ್ಲಿ ಊರಿನ ಜನ ಹದಿನಾರು ಲಕ್ಷದ ಆಚೀಚೆ. ಇವತ್ತು ಕೋಟಿ ದಾಟಿದೆ. ರಸ್ತೆ ಮಾತ್ರ ಅದೇ ಕ್ವೀನ್ಸ್ ರಸ್ತೆ, ಅದೇ ಕಬ್ಬನ್ ರಸ್ತೆ.

ಹಾಗಂತ ಐವತ್ತು ವರ್ಷ ಕೈಕಟ್ಟಿ ಕೂತಿರಲಿಲ್ಲ. 1996ರ ವಿಶ್ವಕಪ್ಪಿಗೆ ದೊಡ್ಡ ದೀಪಗಳು ಬಂದವು. ಆ ಬೆಳಕಿನಲ್ಲೇ ಭಾರತ ಪಾಕಿಸ್ತಾನವನ್ನು ಸೋಲಿಸಿತು. 2015ರಲ್ಲಿ ಛಾವಣಿ ಮೇಲೆ ಸೂರ್ಯನಿಂದ ಕರೆಂಟು ಮಾಡುವ ಹಲಗೆ. 2017ರಲ್ಲಿ ನೆಲದಡಿ ಪೈಪು ಹಾಕಿ, ಮಳೆ ನೀರನ್ನು ಯಂತ್ರದಿಂದ ಹೀರಿ ಹೊರಗೆ ಬಿಡುವ ವ್ಯವಸ್ಥೆ. ಎಲ್ಲಾ ಒಳ್ಳೆಯದೇ. ನೀರು ಹೊರಗೆ ಹೋಗೋದಕ್ಕೆ ಅಷ್ಟು ತಲೆ ಓಡಿಸಿದವರು ಜನ ಒಳಗೆ ಬರೋದಕ್ಕೆ, ಹೊರಗೆ ಹೋಗೋದಕ್ಕೆ ಎಷ್ಟು ಓಡಿಸಿದರು?

2025ರ ಜೂನ್ 4ರಂದು ಅದಕ್ಕೆ ಉತ್ತರ ಸಿಕ್ಕಿತು. ಹದಿನೆಂಟು ವರ್ಷ ಕಾದ ಕಪ್ಪು ಹಿಂದಿನ ರಾತ್ರಿಯಷ್ಟೇ ಆರ್‌ಸಿಬಿಗೆ ಬಂದಿತ್ತು. ಒಳಗೆ ಹಿಡಿಸೋದು ಸುಮಾರು ಮೂವತ್ತೈದು ಸಾವಿರ, ಬಂದವರು ಲಕ್ಷಗಟ್ಟಲೆ. ಆ ದಿನ ಮೆಟ್ರೋದಲ್ಲಿ ಓಡಾಡಿದವರೇ 9.66 ಲಕ್ಷ. ಗೇಟಿನ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅಲ್ಲಿ ಆ ದಿನ ಆಟವೇ ಇರಲಿಲ್ಲ ಅನ್ನೋದನ್ನು ಮರೆಯಬಾರದು.

ತಪ್ಪು ಯಾರದು ಅನ್ನೋ ಜಗಳ ಕೋರ್ಟಿಗೆ ಸೇರಿದ್ದು. ಆದರೆ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಡಿ'ಕುನ್ಹಾ ಆಯೋಗ ಹೇಳಿದ್ದು ಬರೀ ಆ ಒಂದು ದಿನದ ಮಾತಲ್ಲ. ಕಟ್ಟಡ ಇರುವ ರೀತಿಯೇ ಭಾರಿ ಜನ ಸೇರುವುದಕ್ಕೆ ಕ್ಷೇಮವಲ್ಲ ಎಂದಿತು. ಸಾಲು ನಿಲ್ಲುವ ಜಾಗ ರಸ್ತೆಯಿಂದ ಬೇರೆ ಇರಬೇಕು, ಬಾಗಿಲು ಸಾಕಷ್ಟಿರಬೇಕು, ಬಸ್ಸು-ಮೆಟ್ರೋಗೆ ಸರಿಯಾದ ದಾರಿ ಇರಬೇಕು, ಅವಘಡವಾದರೆ ಜನರನ್ನು ಹೊರಗೆ ಕಳಿಸುವ ಯೋಜನೆ ಇರಬೇಕು ಅಂತ ಬರೆಯಿತು. ಇದರಲ್ಲಿ ರಾಕೆಟ್ ವಿದ್ಯೆ ಏನೂ ಇಲ್ಲ. ಸಂತೆ ಮೈದಾನಕ್ಕೆ ಹೋಗಿ ಬಂದ ಯಾರಿಗಾದರೂ ಗೊತ್ತಿರುವ ಸಂಗತಿ.

ಸೂರ್ಯನಗರದಲ್ಲಿ ಎಂಬತ್ತು ಸಾವಿರ ಜನರ ಹೊಸ ಕ್ರೀಡಾಂಗಣದ ಮಾತೂ 2025ರಲ್ಲೇ ಬಂತು. ಬರಲಿ, ಸಂತೋಷ. ಹೊಸ ಮನೆ ಕಟ್ಟುವವರೆಗೆ ಹಳೇ ಮನೆ ಬಾಗಿಲು ಮುರಿದೇ ಇರಲಿ ಅನ್ನೋಕಾಗುತ್ತದೆಯೇ?

ಅಂಗಡಿಯವರ ಕಷ್ಟವೂ ಇಲ್ಲೇ ಸೇರಿದೆ. ಪಂದ್ಯದ ದಿನ ಸುತ್ತಲ ರಸ್ತೆಗಳಲ್ಲಿ ವಾಹನ ನಿಲ್ಲಿಸುವಂತಿಲ್ಲ. ಬಾವುಟ, ಅಂಗಿ, ಕಡಲೆಕಾಯಿ ಮಾರುವವನಿಗೆ ನಾಲ್ಕು ಕಾಸು ಸಿಗಬಹುದು. ಮಾಮೂಲಿ ಗಿರಾಕಿ ಆ ಕಡೆ ತಲೆ ಹಾಕೋದಿಲ್ಲ. ಫುಟ್‌ಪಾತೇ ಕ್ಯೂ ಆದಮೇಲೆ ಅಂಗಡಿಗೆ ಬರೋದು ಹೇಗೆ? ಆಫೀಸು ಬಿಟ್ಟು ಮನೆಗೆ ಹೋಗುವ ಹೆಂಗಸು ಬಸ್ ಹತ್ತೋದೆಲ್ಲಿ?

ಆದ್ದರಿಂದ ಕ್ರಿಕೆಟ್ ಸಂಸ್ಥೆಯವರು ಒಂದು ಕೆಲಸ ಮಾಡಲಿ. ಗೇಟು ಎಷ್ಟು, ಎಷ್ಟು ಅಡಿ ಅಗಲ, ಕಾಂಪೌಂಡಿನ ಒಳಗೆ ಎಷ್ಟು ಜನ ಸಾಲು ನಿಲ್ಲಬಹುದು, ತುಂಬಿದ ಮೈದಾನ ಎಷ್ಟು ನಿಮಿಷದಲ್ಲಿ ಖಾಲಿಯಾಗುತ್ತದೆ, ಇಷ್ಟನ್ನೂ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಸಿ ಕ್ವೀನ್ಸ್ ರಸ್ತೆಯ ಗೋಡೆಗೆ ತೂಗು ಹಾಕಲಿ. ಹೊಸ ಕುರ್ಚಿಯ ಬಣ್ಣ ಯಾವುದು ಅನ್ನೋದನ್ನು ಆಮೇಲೆ ನೋಡೋಣವಂತೆ.