ನಮ್ಮೂರನ್ನ ಅಗ್ಗಕ್ಕ ಮಾರಬ್ಯಾಡ್ರಿ

1/6
ಮೊದಲು ನನ್ನ ತಪ್ಪು ಒಪ್ಪಿಕೊಳ್ತೀನಿ.

ಹೋದ ಬೇಸಿಗೆಯಲ್ಲಿ ನಾನು ಹಾಕಿದ್ದ ರೀಲ್ ನಿಮ್ಮಲ್ಲಿ ಬಹಳ ಮಂದಿ ನೋಡೀರಿ. "ಕಲಬುರಗಿಯಲ್ಲಿ ನೋಡೋದೇನದ? ಬಿಸಿಲು, ಧೂಳು, ಮತ್ತ ಬೆಂಗಳೂರಿಗೆ ಹೋಗೋ ರೈಲು." ನಕ್ಕಿರಿ, ಶೇರ್ ಮಾಡಿದ್ರಿ. ನನ್ನ ಪೇಜಿನಲ್ಲಿ ಅಷ್ಟು ಓಡಿದ ರೀಲ್ ಇನ್ನೊಂದಿಲ್ಲ.

ಆಮೇಲೆ ಎರಡು ಘಟನೆ ಆದವು. ದಸರಾ ರಜೆಗೆ ನಮ್ಮೂರಿಗೆ ಬರ್ತೀನಿ ಅಂದಿದ್ದ ಚಿಕ್ಕಮಗಳೂರಿನ ಕ್ಲಾಸ್‌ಮೇಟ್ ಪ್ಲಾನ್ ಬದಲಿಸಿದ. "ನೀನೇ ಹೇಳಿದ್ಯಲ್ಲ, ಅಲ್ಲಿ ಏನೂ ಇಲ್ಲ ಅಂತ" ಅಂದ. ಇನ್ನೊಂದು, ಅದೇ ರೀಲ್ ಅಪ್ಪನ ಫೋನಿಗೂ ಹೋಗಿತ್ತು. ಅಪ್ಪ ಸಿಟ್ಟು ಮಾಡಲಿಲ್ಲ. "ಹಂಗಾದ್ರ ನಾವು ಏನೂ ಇಲ್ಲದ ಕಡಿ ಇದ್ದೀವೇನು?" ಅಂತ ಕೇಳಿದ, ಅಷ್ಟೇ.

ಉತ್ತರ ಕೊಡಲಿಕ್ಕೆ ನನಗ ಆಗಲಿಲ್ಲ. ಈ ಸರಣಿ ಆ ಉತ್ತರ.

2/6
ಈ ಸಲ ಜನವರಿ 26 ಸೋಮವಾರ ಬಿತ್ತು. ಮೂರು ದಿನ ರಜೆ. ಹಾಸ್ಟೆಲಿನ ಅರ್ಧ ಮಂದಿ ಗೋಕರ್ಣ, ಉಳಿದವರು ಪಾಂಡಿಚೇರಿ. ನಾನು ಆ ಚಿಕ್ಕಮಗಳೂರಿನವನನ್ನ ಎಳಕೊಂಡು ರಾತ್ರಿ ಗಾಡಿ ಹತ್ತಿದೆ.

ನಿಮಗ ಒಂದು ಮಾತು ಹೇಳಬೇಕು. ನಾನು ಕಮಲಾಪುರದವನು. ನನ್ನ ಪಾಲಿಗೆ ಜಗತ್ತಿನ ಮೊದಲನೇ ದೊಡ್ಡ ಸಿಟಿ ಅಂದ್ರ ಕಲಬುರಗಿ. ಹಬ್ಬದ ಬಟ್ಟೆ, ಗೈಡ್ ಪುಸ್ತಕ, ಅವ್ವನ ಕನ್ನಡಕ, ಎಲ್ಲದಕ್ಕೂ ಹುಮನಾಬಾದ್ ಕಡೆಯಿಂದ ಬರೋ ಬಸ್ ಹತ್ತಬೇಕು. "ಸೂಪರ್ ಮಾರ್ಕೆಟ್" ಅಂದ್ರ ಒಂದು ಅಂಗಡಿ ಅಲ್ಲ, ಒಂದು ಇಡೀ ಬಜಾರ ಅಂತ ತಿಳಿದ ದಿನ ಅಪ್ಪನ ಕೈ ಗಟ್ಟಿ ಹಿಡಕೊಂಡಿದ್ದೆ. ಇಷ್ಟು ಮಂದಿ ಒಂದೇ ಕಡೆ ಇರಬಹುದು ಅನ್ನೋದೇ ಗೊತ್ತಿರಲಿಲ್ಲ.

ಆಮೇಲೆ ಬೆಂಗಳೂರು ನೋಡಿದೆ. ಮೆಟ್ರೊ, ಮಾಲು, ಫ್ಲೈಓವರ್. ವಾಪಸ್ ಬಂದಾಗ ಜಗತ್ ಸರ್ಕಲ್ ಸಣ್ಣದಾಗಿ ಕಾಣಿಸ್ತು. ಸರ್ಕಲ್ ಇದ್ದಷ್ಟೇ ಇತ್ತು.

3/6
ಈ ಸಲ "ಎರಡು ದಿನದಾಗ ಹದಿನೈದು ಸ್ಪಾಟ್" ಆಟ ಆಡಲಿಲ್ಲ. ಬೆಳಿಗ್ಗೆ ತಹರಿ ತಿಂದ್ವಿ. ಬಂಡಿ ಮುಂದ ನಿಂತು, ಬಿಸಿಬಿಸಿ. ಗೆಳೆಯ "ಇದು ಪಲಾವ್ ಅಲ್ವಾ?" ಅಂದ. ಬಂಡಿ ಮಾಮಾ ಅವನ ಮುಖ ನೋಡಿದ ರೀತಿ ಫೋಟೊ ತೆಗೀಬೇಕಿತ್ತು.

ಆಮೇಲೆ ಕೋಟೆ. ಎರಡನೇ ಫೋಟೊ ನೋಡ್ರಿ, ಅದು ಒಳಗಿನ ಜಾಮಿ ಮಸೀದಿ. 1367ರಲ್ಲಿ ಕಟ್ಟಿದ್ದು. ಸಾಮಾನ್ಯವಾಗಿ ದೊಡ್ಡ ಮಸೀದಿಗೆ ನಡುವೆ ತೆರೆದ ಅಂಗಳ ಇರ್ತದ. ಇಲ್ಲಿ ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಛಾವಣಿ. ಬೆಳಕು ಬದಿಯ ಅಗಲ ಕಮಾನುಗಳಿಂದ ಒಳಗ ಬರ್ತದ. ಒಂದು ತಾಸು ಸುಮ್ಮನ ಕೂತ್ವಿ. ಹೊರಗ ಬಿಸಿಲು, ಒಳಗ ತಂಪು. ನಾನು ರೀಲ್ ಮಾಡಿ ನಕ್ಕ ಅದೇ ಬಿಸಿಲಿಗೆ, ಆರುನೂರು ವರ್ಷಕ್ಕೂ ಹಿಂದೆ ಕಟ್ಟಿದವರು ಉತ್ತರ ಹುಡುಕಿಟ್ಟಿದ್ರು.

ಶಾಲೆ ಟ್ರಿಪ್ಪಿನಲ್ಲಿ ಇದೇ ಜಾಗ ಹತ್ತು ನಿಮಿಷದಾಗ ಮುಗಿಸಿದ್ವಿ. ನೆನಪಿದ್ದದ್ದು ಕೋಟೆ ಮೇಲಿನ ಉದ್ದ ತೋಪು ಮತ್ತ ಬಸ್ಸಿನ ಹಾಡು ಮಾತ್ರ. ಸಂಜೀ ಮುಂದ ಬಂದೇ ನವಾಜ್ ದರ್ಗಾ, ಅಲ್ಲಿಂದ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ ದಂಡಿ. ನಮಗ ಇದು ಮಾಮೂಲು. ಗೆಳೆಯನಿಗೆ ಅದೇ ಹೊಸದು: "ಎರಡೂ ಕಡೆ ನೀನು ಒಂದೇ ಥರ ಕೈ ಮುಗಿದೆ."

4/6
ರಾತ್ರಿ ಉಳಿದದ್ದು ಐವಾನ್-ಎ-ಶಾಹಿ ಹತ್ತಿರ, ಸಣ್ಣವ್ವನ ಮನೆಯಲ್ಲಿ. ಹೆಸರು ಕೇಳಿ ಗೆಳೆಯ ಬೆರಗಾದ. ಹೈದರಾಬಾದಿನ ನಿಜಾಮ ಇಲ್ಲಿಗೆ ಬಂದಾಗ ಇಳೀತಿದ್ದ ಬಂಗಲೆ ಅದು, ಈಗ ಸರ್ಕಾರಿ ಅತಿಥಿಗೃಹ. ನಮಗ ಅದು ಆಟೊದವರಿಗೆ ಹೇಳೋ ಗುರುತು, ಅಷ್ಟೇ.

ಊಟಕ್ಕ ಕೂತಾಗ ಅವನು ಹೇಳಿದ: "ನೀನು ಇಲ್ಲಿ ಬೇರೆ ಕನ್ನಡ ಮಾತಾಡ್ತೀಯ."

ಖರೇ. ಎರಡು ವರ್ಷದಿಂದ ಬೆಂಗಳೂರಿನಲ್ಲಿ "ಅದ" ಅನ್ನೋದನ್ನ "ಇದೆ" ಮಾಡೀನಿ. ಮೊದಲ ವಾರ ಕ್ಲಾಸಿನಲ್ಲಿ "ಏನ್ ಮಾಡ್ಲಾಕತ್ತೀರಿ" ಅಂದಾಗ ಹಿಂದಿನ ಬೆಂಚು ನಕ್ಕಿತ್ತು. ಅವತ್ತಿಂದ ನಾಲಿಗೆ ಮಡಚಿಟ್ಟೆ. ನಿಮ್ಮಲ್ಲಿ ಎಷ್ಟು ಮಂದಿ ಇದನ್ನೇ ಮಾಡೀರಿ, ನನಗ ಗೊತ್ತದ.

ನಮಗ ಸಿಕ್ಕಿರೋ ಕನ್ನಡದ ಮೊದಲನೇ ಗ್ರಂಥ ಕವಿರಾಜಮಾರ್ಗ. 9ನೇ ಶತಮಾನದಲ್ಲಿ ಅದು ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಆ ರಾಜಧಾನಿ ಮಾನ್ಯಖೇಟ ಅಂದ್ರ ನಮ್ಮ ಸೇಡಂ ತಾಲೂಕಿನ ಮಳಖೇಡ. ಸೇಡಂ ರೋಡಿನಲ್ಲಿ ಸಿಮೆಂಟ್ ಲಾರಿ ಹಿಂದ ಬೈಕ್ ಓಡಿಸೋವಾಗ ನಾವು ದಾಟಿ ಹೋಗೋ ಊರು. ಹಿಂದಿನ ಬೆಂಚಿಗೆ ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಈಗ ಹೇಳೀನಿ.

5/6
ಈಗ ನಿಮ್ಮ ಪ್ರಶ್ನೆ. "ಅಭಿಮಾನದಿಂದ ಹೊಟ್ಟೆ ತುಂಬ್ತದೇನು? ಊರಾಗ ಕೆಲಸ ಇದ್ದಿದ್ರ ನಾವ್ಯಾಕ ಹೊರಗ ಹೋಗ್ತಿದ್ವಿ?"

ಒಪ್ಪಿದೆ. ನಾವು ಹಿಂದುಳಿದೀವಿ ಅಂತ ಸಂವಿಧಾನವೇ ಒಪ್ಪಿ 371ಜೆ ಕೊಟ್ಟದ. ನಮ್ಮಲ್ಲಿ ಎಷ್ಟೋ ಮಂದಿಗೆ ಸೀಟು ಸಿಕ್ಕಿದ್ದೇ ಅದರಿಂದ. 2014ರಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಆಯ್ತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಹೆಸರು ಬದಲಾದಷ್ಟು ಲಗೂ ನೌಕರಿ ಬರಲಿಲ್ಲ. ಅದಕ್ಕ ಬೈರಿ, ಬರೀರಿ, ಕೇಳ್ರಿ. ನಾನೂ ಜೊತೆಗಿದೀನಿ.

ಆದ್ರ ನನ್ನ ರೀಲ್ ಅಂಥಾ ದೂರು ಆಗಿರಲಿಲ್ಲ. ದೂರು ಕೊಡೋವನಿಗೆ ಊರು ಸುಧಾರಿಸಬೇಕು ಅಂತ ಆಸೆ ಇರ್ತದ. ನನಗ ಬೇಕಿದ್ದದ್ದು ಲೈಕು. ಬೆಂಗಳೂರಿನವರ ಮುಂದ "ನಾನು ಅವರಂಥವನಲ್ಲ" ಅಂತ ತೋರಿಸಲಿಕ್ಕೆ ನಮ್ಮವರನ್ನೇ ಕೊಟ್ಟುಬಿಟ್ಟೆ. ನಾವೇ "ಅಲ್ಲಿ ಏನೂ ಇಲ್ಲ" ಅಂದ್ರ, ನೋಡಲಿಕ್ಕೆ ಯಾರು ಬರ್ತಾರ? ಯಾರೂ ಬರದಿದ್ರ ಆ ತಹರಿ ಬಂಡಿ, ಆ ಆಟೊ, ಆ ಕೋಟೆ ಯಾರ ನಂಬಿಕೆ ಮೇಲೆ ನಿಲ್ಲಬೇಕು?

ಅದಕ್ಕ ಕೇಳೋದು ಇಷ್ಟೇ. ಮುಂದಿನ ಲಾಂಗ್ ವೀಕೆಂಡಿಗೆ ಹೊರಗಿನ ಒಬ್ಬ ಕ್ಲಾಸ್‌ಮೇಟನ್ನ ನಿಮ್ಮೂರಿಗೆ ಕರಕೊಂಡು ಹೋಗ್ರಿ. ಬೀದರ್ ಇರಲಿ, ಯಾದಗಿರಿ ಇರಲಿ, ರಾಯಚೂರು ಇರಲಿ. ಮೂರೇ ಜಾಗ ತೋರಿಸ್ರಿ, ನಿಧಾನಕ್ಕ. ನಿಮಗೇ ಹೊಸದು ಕಾಣಿಸ್ತದ. ಕೋಟೆ ಗೋಡೆ ಮೇಲೆ ಹೆಸರು ಕೆತ್ತೋ ದೋಸ್ತ ಇದ್ರ ಅವನನ್ನ ಮನೆಯಲ್ಲೇ ಬಿಟ್ಟು ಬರ್ರಿ.

6/6
ಸೋಮವಾರ ಕಮಲಾಪುರ. ನಮ್ಮ ಹಳೇ ಶಾಲೆಯಲ್ಲಿ ಧ್ವಜಾರೋಹಣ, ಆಮೇಲೆ ಹೊಲ. ಕುಳ್ಳಿನ ಬೆಂಕಿಯಲ್ಲಿ ಸೀತನಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಹಿಂಡಿ ಜೊತೆ ತಿಂದ್ವಿ. ಅಪ್ಪ ಗೆಳೆಯನಿಗೆ ನಮ್ಮ ಕೆಂಪು ಬಾಳೆ ತೋರಿಸಿದ. ಬ್ಯಾರೆ ಬಾಳೆಗಿಂತ ಇದಕ್ಕ ಬಹಳ ತಿಂಗಳು ಬೇಕು, ಅವಸರ ಮಾಡಿದ್ರ ಬರೋದಿಲ್ಲ, ಜಿಐ ಗುರುತು ಸಿಕ್ಕದ, ಆದರೂ ಹಾಕೋರು ಕಡಿಮಿ ಆಗ್ಯಾರ ಅಂತ ಹೇಳಿದ. ಕಾಫಿ ತೋಟದ ಹುಡುಗ, ಬೆಳಿ ಮಾತು ಅವನಿಗೂ ತಿಳೀತದ. ಇಬ್ಬರೂ ಒಂದು ತಾಸು ಮಾತಾಡಿದ್ರು. ನನ್ನನ್ನ ಯಾರೂ ಕೇಳಲಿಲ್ಲ.

ಹೊರಡೋವಾಗ ಅಪ್ಪ ಒಂದು ಚಿಪ್ಪು ಕೆಂಪು ಬಾಳೆ ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿನಲ್ಲಿಟ್ಟ.

"ಒಯ್ಯಿ ತಮ್ಮಾ. ಏನೂ ಇಲ್ಲದ ಊರಿಂದು."

ನಗ್ತಿದ್ದ. ನನಗ ಮಾತ್ರ ನಗು ಬರಲಿಲ್ಲ.

ಹಳೇ ರೀಲ್ ಅಳಿಸಿಲ್ಲ. ಅದರ ಪಕ್ಕದಲ್ಲೇ ಈ ಸರಣಿ ಪಿನ್ ಮಾಡೀನಿ. ಎರಡೂ ನೋಡ್ರಿ.

ನಿಮ್ಮೂರಿಗೆ ಯಾರನ್ನ ಕರಕೊಂಡು ಹೋಗ್ತೀರಿ? ಅವರನ್ನ ಕೆಳಗ ಟ್ಯಾಗ್ ಮಾಡ್ರಿ. ಟಿಕೆಟ್ ಮಾತ್ರ ಇವತ್ತೇ ತಗೋರಿ, ಆಮೇಲೆ ವೇಟಿಂಗ್ ಲಿಸ್ಟ್ ಅಂತ ನನ್ನ ಮುಂದ ಅಳಬ್ಯಾಡ್ರಿ.

#ಕಲಬುರಗಿ #ಕಮಲಾಪುರ #ಐವಾನ್ಎಶಾಹಿ #ನಮ್ಮೂರು_ನಿಧಾನಕ್ಕ