ಕಾಲುಸಂಕದ ಕಡತ ಎಲ್ಲಿದೆ?

ಘಟ್ಟದ ಮೇಲಿನ ಒಂದು ಹಳ್ಳ. ಆಚೆ ನಾಲ್ಕು ಮನೆ, ಈಚೆ ಶಾಲೆ. ನಡುವೆ ಅಡಿಕೆ ದಬ್ಬೆ ಜೋಡಿಸಿ ಬಳ್ಳಿಯಿಂದ ಬಿಗಿದ ಕಾಲುಸಂಕ. ಅಲ್ಲಿ ಸಿಮೆಂಟಿನ ಸಂಕ ಆಗಬೇಕೆಂದು ಗ್ರಾಮಸಭೆಯಲ್ಲಿ ಠರಾವಾಗಿದೆ, ಕ್ರಿಯಾಯೋಜನೆಯಲ್ಲಿ ಕಾಮಗಾರಿಯ ಹೆಸರಿದೆ, ಹಣ ಬಿಡುಗಡೆಯಾಗಿದೆ ಎಂಬ ಸುದ್ದಿಯೂ ಇದೆ. ಸಂಕ ಮಾತ್ರ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಓದುಗರಿಗೆ ಇಂಥದೊಂದು ಹಳ್ಳವನ್ನು ಕಣ್ಣಮುಂದೆ ತಂದುಕೊಳ್ಳಲು ನನ್ನ ವರ್ಣನೆ ಬೇಕಿಲ್ಲ.

ಆ ನಾಲ್ಕು ಮನೆಯವರಲ್ಲಿ ಒಬ್ಬರು ಜೂನ್ 1ರಂದು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು ಎಂದಿಟ್ಟುಕೊಳ್ಳಿ. ಕೇಳಿದ್ದು ಮೂರೇ ದಾಖಲೆ: ಎಸ್ಟಿಮೇಟು, ಅಳತೆ ಪುಸ್ತಕ, ಪಾವತಿಯಾದ ಬಿಲ್ಲು. ಕಾಯ್ದೆ ಕೊಟ್ಟ ಗಡುವು 30 ದಿನ. ಜುಲೈ ಬಂತು, ಉತ್ತರ ಬರಲಿಲ್ಲ. ಬಂದರೂ ಒಂದು ಸಾಲಿನ ಹಿಂಬರಹ. ಪ್ರಥಮ ಮೇಲ್ಮನವಿ ಹಾಕಿದರು. ಅದರ ತೀರ್ಮಾನಕ್ಕೆ 30 ದಿನ, ಕಾರಣ ಬರೆದಿಟ್ಟರೆ ಹೆಚ್ಚೆಂದರೆ 45 ದಿನ. ಆಗಸ್ಟ್ ಅರ್ಧ ಕಳೆಯಿತು. ಆಟಿ, ಆರಿದ್ರೆ ಎಲ್ಲ ಸುರಿದು ಹೋದವು. ಮಕ್ಕಳು ಅದೇ ದಬ್ಬೆಯ ಮೇಲೆ ಹಳ್ಳ ದಾಟಿದರು. ಮುಂದೆ ಉಳಿದದ್ದು ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿ. ಅದನ್ನು ಸಲ್ಲಿಸಲು ಅರ್ಜಿದಾರರಿಗೆ 90 ದಿನದ ಗಡುವಿದೆ. ಆಯೋಗ ಇಷ್ಟೇ ದಿನದಲ್ಲಿ ತೀರ್ಮಾನ ಕೊಡಬೇಕೆಂಬ ಗಡುವು ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಆದ್ದರಿಂದಲೇ ಹೇಳುತ್ತೇನೆ: ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಮಾಹಿತಿ ಹಕ್ಕು ಬದುಕುವುದೂ ಸಾಯುವುದೂ ಪ್ರಥಮ ಮೇಲ್ಮನವಿಯಲ್ಲಿ. ಆಯೋಗ ಕೂರುವುದು ಶಿರಸಿಯಿಂದ ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಬೆಳಗಾವಿಯ ಪೀಠಕ್ಕೆ ಹೋಗಿ ಬರುವುದೆಂದರೂ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಕೊನೆಕೊಯ್ಲಿನ ಹೊತ್ತಿನಲ್ಲಿ ತೋಟ ಬಿಟ್ಟು ಯಾರು ಹೋದಾರು? ಮೇಲ್ಮನವಿಯ ಮೊದಲ ಮೆಟ್ಟಿಲು ಮಾತ್ರ ನಮ್ಮೂರಲ್ಲೇ ಇದೆ. ಗ್ರಾಮ ಪಂಚಾಯತಿಯ ಕಡತವಾದರೆ ತಾಲೂಕು ಪಂಚಾಯತಿಯಲ್ಲಿ, ನಗರಸಭೆ ಅಥವಾ ಪಟ್ಟಣ ಪಂಚಾಯತಿಯದ್ದಾದರೆ ಅದೇ ಕಟ್ಟಡದ ಮೇಲಧಿಕಾರಿಯ ಕೋಣೆಯಲ್ಲಿ. ಸಂತೆಗೆ ಬಂದವರು ಮುಗಿಸಿಕೊಂಡು ಹೋಗಬಹುದಾದ ಕೆಲಸ ಅದು. ಆ ಮೆಟ್ಟಿಲನ್ನೇ ನಾವು ಪಾಚಿಗಟ್ಟಲು ಬಿಟ್ಟಿದ್ದೇವೆ.

ಕಾಯ್ದೆಯ 19ನೇ ಕಲಂ ಓದಿದರೆ ಪ್ರಥಮ ಮೇಲ್ಮನವಿ ಪ್ರಾಧಿಕಾರವೆಂದರೆ ಒಂದು ಪುಟ್ಟ ನ್ಯಾಯಪೀಠ. ಮಾಹಿತಿ ನಿರಾಕರಿಸಿದ್ದು ಸರಿಯೆಂದು ರುಜುವಾತು ಮಾಡುವ ಹೊಣೆ ನಿರಾಕರಿಸಿದ ಅಧಿಕಾರಿಯದು, ಕೇಳಿದವರದಲ್ಲ. ಯಾವ ಕಲಮಿನಡಿ ನಿರಾಕರಣೆ, ಎಷ್ಟು ದಿನದೊಳಗೆ ಯಾರಿಗೆ ಮೇಲ್ಮನವಿ ಸಲ್ಲಿಸಬೇಕು ಎಂಬುದನ್ನು ಹಿಂಬರಹದಲ್ಲೇ ಬರೆಯಬೇಕು. ಗಡುವು ಮೀರಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಇಷ್ಟೆಲ್ಲ ಬರೆದ ಕಾಯ್ದೆ ಆ ಪ್ರಾಧಿಕಾರಕ್ಕೆ ದಂಡ ಹಾಕುವ ಅಧಿಕಾರ ಕೊಡಲಿಲ್ಲ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ವಿಧಿಸಬಲ್ಲದ್ದು ಆಯೋಗ ಮಾತ್ರ. ಸಾಲದ್ದಕ್ಕೆ ಮೇಲ್ಮನವಿ ಕೇಳುವವರೂ ಉತ್ತರ ಕೊಡಬೇಕಾದವರೂ ಬೆಳಗಾದರೆ ಒಂದೇ ಸಭೆಯಲ್ಲಿ ಕೂರುವವರು. ಹೀಗಾಗಿ ಮೇಲ್ಮನವಿ ಬಂದೊಡನೆ ‘ಮಾಹಿತಿ ಒದಗಿಸಿ’ ಎಂದು ಕೆಳಗಿನವರಿಗೊಂದು ಪತ್ರ ರವಾನೆಯಾಗುತ್ತದೆ. ವಿಚಾರಣೆ ಇಲ್ಲ, ಆದೇಶ ಇಲ್ಲ. ಮಕ್ಕಳ ಆಟದಲ್ಲಿ ಹೇಳುವಂತೆ, ಲೆಕ್ಕಕ್ಕುಂಟು ಆಟಕ್ಕಿಲ್ಲ.

ಇನ್ನು ಹಿಂಬರಹಗಳ ಮಾತು. ‘ಕಡತ ಲಭ್ಯವಿಲ್ಲ’ ಎಂಬುದು ಅರ್ಜಿ ಹಾಕಿದವರಿಗೆಲ್ಲ ಪರಿಚಿತ. ನಿರಾಕರಣೆಗೆ ಕಾರಣಗಳನ್ನು ಪಟ್ಟಿ ಮಾಡಿದ 8ನೇ ಕಲಮಿನಲ್ಲಿ ಇಂಥದೊಂದು ಕಾರಣವೇ ಇಲ್ಲ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆ ಈಗ ಸಿಗುತ್ತಿಲ್ಲವೆಂದರೆ ಹುಡುಕಬೇಕು, ಕಳೆದದ್ದು ಯಾರ ಕೈಯಲ್ಲೆಂದು ವಿಚಾರಣೆ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ. ಇನ್ನೊಂದು, ‘ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿಲ್ಲ, 150 ಪದ ಮೀರಿದೆ’ ಎಂಬ ಉತ್ತರ. ಕೇಂದ್ರಕ್ಕಿಂತ ಮೊದಲೇ, 2000ದಲ್ಲೇ, ಮಾಹಿತಿ ಹಕ್ಕಿನ ಕಾಯ್ದೆ ಮಾಡಿದ ಹೆಮ್ಮೆಯ ರಾಜ್ಯ ನಮ್ಮದು. 2008ರಲ್ಲಿ ಈ ಪದಮಿತಿಯ ನಿಯಮ ತಂದದ್ದೂ ನಾವೇ. ಸಂಕದ ಎಸ್ಟಿಮೇಟೂ ಅದೇ ಸಂಕದ ಬಿಲ್ಲೂ ಬೇರೆ ಬೇರೆ ವಿಷಯ ಎಂದು ವಾದಿಸಲು ಅವಕಾಶ ಮಾಡಿಕೊಟ್ಟ ಈ ನಿಯಮ ತೊಲಗಬೇಕು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ‘ಇದು ವೈಯಕ್ತಿಕ ಮಾಹಿತಿ.’ ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ, ಕೊಟ್ಟರೆ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವಿವರಗಳಿಗೆ ಮಾತ್ರ ಈ ರಕ್ಷಣೆ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತುಗಳನ್ನೆಲ್ಲ ಕಿತ್ತುಹಾಕಿ, ವೈಯಕ್ತಿಕ ಮಾಹಿತಿ ಎಂಬಷ್ಟನ್ನೇ ಉಳಿಸಿತು. ಬಿಲ್ಲಿನಲ್ಲಿ ಗುತ್ತಿಗೆದಾರರ ಹೆಸರಿರುತ್ತದೆ, ಹಾಜರಿ ಪಟ್ಟಿಯಲ್ಲಿ ಕೂಲಿಯವರ ಹೆಸರಿರುತ್ತದೆ. ಹೆಸರಿದ್ದದ್ದೆಲ್ಲ ವೈಯಕ್ತಿಕ ಎಂದರೆ ಲೆಕ್ಕ ಕೇಳುವುದು ಏನನ್ನು?

ಅರಣ್ಯ ಹಕ್ಕಿನ ಅರ್ಜಿಗಳ ವಿಷಯದಲ್ಲಿ ಇದು ಇನ್ನೂ ಕಠೋರ. ಸಿದ್ದಾಪುರ, ಯಲ್ಲಾಪುರದ ಅರ್ಜಿಗಳೂ ಶಿರಸಿಯ ಉಪವಿಭಾಗ ಮಟ್ಟದ ಸಮಿತಿಗೇ ಬರುತ್ತವೆ. ತನ್ನ ಅರ್ಜಿ ಏಕೆ ತಿರಸ್ಕೃತವಾಯಿತು, ಪಕ್ಕದ ಸರ್ವೆ ನಂಬರಿನದು ಯಾವ ಸಾಕ್ಷ್ಯದ ಮೇಲೆ ಮಂಜೂರಾಯಿತು ಎಂದು ತಿಳಿಯದ ರೈತ ಯಾವ ಆಧಾರದ ಮೇಲೆ ಹೋರಾಡಬೇಕು? ಒಂದು ದಾರಿ ಇನ್ನೂ ತೆರೆದಿದೆ. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ವಿನಾಯಿತಿ ಇದ್ದರೂ ಮಾಹಿತಿ ಕೊಡಬಹುದು ಎನ್ನುವ 8(2)ನೇ ಕಲಂ ಹಾಗೇ ಉಳಿದಿದೆ. ಮೇಲ್ಮನವಿಯಲ್ಲಿ ಆ ಕಲಮನ್ನು ಹೆಸರಿಸಿ ಬರೆಯಿರಿ. ಅದನ್ನು ತೂಗಿ ನೋಡಿದ್ದು ಆದೇಶದಲ್ಲಿ ಕಾಣಬೇಕೆಂದು ಕೇಳಿ.

ಅಧಿಕಾರಿಗಳ ದೂರನ್ನೂ ಕಿವಿಗೊಟ್ಟು ಕೇಳಬೇಕು. ಒಬ್ಬ ಪಿಡಿಒ, ಒಬ್ಬ ಗುಮಾಸ್ತ; ಉದ್ಯೋಗ ಖಾತ್ರಿ, ಕುಡಿಯುವ ನೀರು, ಇ-ಸ್ವತ್ತು, ಚುನಾವಣೆ ಕೆಲಸ ಎಲ್ಲ ಅವರ ತಲೆಯ ಮೇಲೆ. ನಡುವೆ ಹತ್ತು ವರ್ಷದ ಎಲ್ಲ ಬಿಲ್ಲು ಕೊಡಿ ಎಂಬ ಅರ್ಜಿ. ಗುತ್ತಿಗೆದಾರರನ್ನು ಹೆದರಿಸಿ ಹಣ ಕೀಳಲು ಈ ಕಾಯ್ದೆ ಬಳಸುವವರೂ ಇದ್ದಾರೆ. ಅಂಥವರಿಂದ ಪ್ರಾಮಾಣಿಕ ಅರ್ಜಿದಾರರ ಮುಖಕ್ಕೂ ಮಸಿ. ಬೇಕುಬೇಕಾದ್ದನ್ನೆಲ್ಲ ಗೊತ್ತುಗುರಿಯಿಲ್ಲದೆ ಕೇಳುತ್ತ ಹೋದರೆ ಆಡಳಿತವೇ ನಿಂತೀತು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಎಚ್ಚರಿಸಿದ್ದೂ ನಿಜ. ಆದರೆ ಬೆದರಿಕೆಯ ವ್ಯಾಪಾರ ನಡೆಯುವುದು ಕಡತ ಮುಚ್ಚಿಟ್ಟಾಗ. ಅಳತೆ ಪುಸ್ತಕದ ಪುಟ ಪಂಚಾಯತಿಯ ಗೋಡೆಯ ಮೇಲೆ ಅಂಟಿಸಿದ್ದರೆ ಅದನ್ನು ತೋರಿಸಿ ಯಾರನ್ನು ಹೆದರಿಸಲಾದೀತು? ಕೇಳದೆಯೇ ಪ್ರಕಟಿಸಬೇಕಾದ 17 ಬಗೆಯ ಮಾಹಿತಿಯನ್ನು 4ನೇ ಕಲಂ 2005ರಲ್ಲೇ ಪಟ್ಟಿ ಮಾಡಿದೆ. ಪಂಚಾಯತಿಗಳಿಗೆ ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಊರವರೆದುರು ಕಡತ ತೆರೆದು, ಕಾಮಗಾರಿಯ ಜಾಗಕ್ಕೇ ಹೋಗಿ ನೋಡುವ ಪದ್ಧತಿ. ಇವೆರಡನ್ನೂ ಮನಸ್ಸಿಟ್ಟು ಮಾಡಿದರೆ ಅರ್ಜಿಗಳ ಹೊರೆ ತಾನಾಗಿ ಇಳಿಯುತ್ತದೆ. ಯಾಕೆ ಕೇಳುತ್ತೀರಿ ಎಂದು ಅರ್ಜಿದಾರರನ್ನು ಪ್ರಶ್ನಿಸುವ ಅಧಿಕಾರವಂತೂ ಕಾಯ್ದೆಯಲ್ಲಿ ಯಾರಿಗೂ ಇಲ್ಲ.

ಈ ನೆಲಕ್ಕೆ ಲೆಕ್ಕ ಕೇಳುವುದು ಹೊಸತಲ್ಲ. ಮಾಹಿತಿ ಹಕ್ಕಿನ ಸುಳಿವೂ ಇಲ್ಲದ 1981ರಲ್ಲಿ, ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟವನ್ನು ವಿಜ್ಞಾನಿಗಳನ್ನು ಕರೆಸಿ ಒರೆಗೆ ಹಚ್ಚಿದ ವಿಚಾರ ಸಂಕಿರಣ ಶಿರಸಿಯಲ್ಲಿ ನಡೆಯಿತು. ನಡೆಸಿದವರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವೇ ಮುಂದಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯವರು ಕಳಾಸೆ ಕಾಡಿಗೆ ನಡೆದು ಮರ ಅಪ್ಪಿಕೊಂಡರು. ಅನುಮತಿ ಕೊಟ್ಟ ಮರಗಳ ಲೆಕ್ಕಕ್ಕೂ ಕಾಡಿನಲ್ಲಿ ಬೀಳುತ್ತಿದ್ದ ಮರಗಳ ಲೆಕ್ಕಕ್ಕೂ ತಾಳೆ ಇಲ್ಲವೆಂಬುದು ಅವರ ತಕರಾರಾಗಿತ್ತು. ಕಾಗದದ ಲೆಕ್ಕವನ್ನು ನೆಲದ ಮೇಲೆ ನಿಂತು ತಾಳೆ ನೋಡಿದ ಜನರ ಮಕ್ಕಳು, ಮೊಮ್ಮಕ್ಕಳು ನಾವು. ಒಂದು ಸಾಲಿನ ಹಿಂಬರಹಕ್ಕೆ ತಲೆಬಾಗಿ ಮನೆಗೆ ಮರಳುವುದು ನಮಗೆ ಒಪ್ಪುವುದಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ, ಹೊಸ ಕಾಯ್ದೆಯೂ ಬೇಡ. ಮೂರೂ ತಾಲೂಕುಗಳಲ್ಲಿ ತಿಂಗಳಿಗೊಂದು ನಿಗದಿತ ದಿನ, ಸಂತೆಯ ದಿನವಾದರೆ ಇನ್ನೂ ಒಳ್ಳೆಯದು, ಪ್ರಥಮ ಮೇಲ್ಮನವಿಗಳ ಬಹಿರಂಗ ವಿಚಾರಣೆಯಾಗಲಿ. ಮಾಹಿತಿ ಅಧಿಕಾರಿ ಮೂಲ ಕಡತವನ್ನು ಕೈಯಲ್ಲಿ ಹಿಡಿದೇ ಬರಲಿ. ಕಾರಣ ಸಹಿತ ಆದೇಶ ಬರೆದು ಅದರ ಪ್ರತಿಯನ್ನು ಸೂಚನಾ ಫಲಕಕ್ಕೆ ಹಚ್ಚಲಿ. ಒಂದೇ ಪಂಚಾಯತಿಯ ಮೇಲೆ ಪದೇ ಪದೇ ಮೇಲ್ಮನವಿ ಬರುತ್ತಿದ್ದರೆ ಆ ಸಂಗತಿ ತಾಲೂಕಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಚರ್ಚೆಯಾಗಲಿ. ಶಾಸಕರು ಮನಸ್ಸು ಮಾಡಿದರೆ ಇದು ಮುಂದಿನ ತಿಂಗಳೇ ಶುರುವಾಗಬಹುದು.

ಅರ್ಜಿದಾರರಿಗೂ ಒಂದು ಮಾತು. ಉತ್ತರ ಬಾರದ ಸಿಟ್ಟಿನಲ್ಲಿ ನೇರವಾಗಿ ಆಯೋಗಕ್ಕೆ ದೂರು ಬರೆಯುವವರಿದ್ದಾರೆ. 18ನೇ ಕಲಮಿನ ದೂರಿನಿಂದ ಅಧಿಕಾರಿಗೆ ದಂಡ ಬೀಳಬಹುದು, ಮಾಹಿತಿ ಕೊಡಿಸಲಾಗದು. ಅದಕ್ಕೆ 19ನೇ ಕಲಮಿನ ಮೇಲ್ಮನವಿಯೇ ದಾರಿ ಎಂದು ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರ ಡಿಸೆಂಬರ್‌ನಲ್ಲಿ ಹೇಳಿದೆ. ಹಿಂಬರಹ ಕೈಸೇರಿದ ತಾರೀಕನ್ನು ಅದರ ಮೇಲೆಯೇ ಬರೆದಿಡಿ. ಅಲ್ಲಿಂದ 30 ದಿನ ನಿಮ್ಮದು. ಮೇಲ್ಮನವಿಯನ್ನು ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ವಿಚಾರಣೆಗೆ ನೆರೆಮನೆಯ ಇಬ್ಬರನ್ನಾದರೂ ಕರೆದುಕೊಂಡು ಹೋಗಿ. ಒಬ್ಬರೇ ಕೇಳಿದರೆ ಅದನ್ನು ಕಿರಿಕಿರಿ ಎನ್ನುತ್ತಾರೆ, ಊರು ಕೇಳಿದರೆ ಕಡತ ಹುಡುಕುತ್ತಾರೆ.

ಮುಂದಿನ ಮಳೆಗಾಲಕ್ಕೆ ಆ ಹಳ್ಳಕ್ಕೆ ಸಂಕ ಬರುತ್ತದೋ ಇಲ್ಲವೋ ನಾನು ಹೇಳಲಾರೆ. ಆದರೆ ಅದರ ಹೆಸರಿನಲ್ಲಿ ಬಂದ ಹಣ ಎಲ್ಲಿ ಹೋಯಿತೆಂದು, ಆ ದಬ್ಬೆಯ ಮೇಲೆ ಮಗುವಿನ ಕೈ ಹಿಡಿದು ದಾಟಿಸುವ ತಾಯಿಗೆ ಮಳೆ ಹಿಡಿಯುವ ಮೊದಲೇ ತಿಳಿಯಬೇಕು. ಅದನ್ನು ತಿಳಿಸಬೇಕಾದ ಕಚೇರಿ ಅವಳ ಮನೆಯಿಂದ ಒಂದೇ ಬಸ್ಸಿನ ದಾರಿಯಲ್ಲಿದೆ.